ನಾಲ್ಕು ಅಡಿಯ ರೋಲು

“ರಾಜೇಸಾಬ್ ಮತ್ತ ಬಂದಿದ್ದ. ಯುಗಾದಿ ಆದ ಮ್ಯಾಲ ಶಟರ್ ಕೊಡ್ತೀನಂತ ಹೇಳೀನಿ,” ಅಂದ ದೊಡ್ಡಬಸಪ್ಪ, ರೊಟ್ಟಿ ಮುರಿಯುತ್ತ.

ವೀರೇಂದ್ರ ತಾಟಿನಿಂದ ತಲೆ ಎತ್ತಿದ. “ಯಾರನ್ನ ಕೇಳಿ ಹೇಳಿದ್ರಿ?”

“ಶಟರ್ ಯಾರದು?”

ಮಗ ಮತ್ತೆ ತಾಟಿಗೆ ಬಗ್ಗಿದ. ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ದೊಡ್ಡಬಸಪ್ಪನವು ಬಾಜುಬಾಜು ಎರಡು ಶಟರ್. ಒಂದರಲ್ಲಿ ಅವನ ಬೀಜ, ಗೊಬ್ಬರದ ದುಕಾನು. ಇನ್ನೊಂದರಲ್ಲಿ ಹೋದ ದಸರೆಯಿಂದ ವೀರೇಂದ್ರನ ಸ್ಟಿಕ್ಕರ್ ಅಂಗಡಿ. ಆರು ವರ್ಷ ಅಪ್ಪನ ರೊಕ್ಕದ ಗಲ್ಲೆಯ ಪಕ್ಕ ಕೂತು ಚೀಟಿ ಬರೆದು ಬೇಸತ್ತವನು, ಸ್ಟಿಕ್ಕರ್ ಕತ್ತರಿಸುವ ಮಷೀನು ತಂದಿದ್ದ. ಟ್ರ್ಯಾಕ್ಟರಿಗೆ ದೇವರ ಹೆಸರು, ಬೈಕಿಗೆ ನಂಬರು, ಅಂಗಡಿ ಗಾಜಿಗೆ ಬೋರ್ಡು. ಯುಗಾದಿಯೊಳಗೆ ಅಂಗಡಿ ತನ್ನ ಕಾಲ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಮಷೀನು ಮಾರಿ ಗಲ್ಲೆಗೆ ವಾಪಸ್ ಬರಬೇಕು ಅನ್ನುವುದು ಅಪ್ಪ ಹಾಕಿದ ಕರಾರು. ಬೈಕಿನ ಸ್ಪೇರ್ ಪಾರ್ಟ್ಸ್ ಮಾರುವ ರಾಜೇಸಾಬ್ ಆ ಶಟರಿನ ಮುಂದೆ ದಿನಾ ಗಾಡಿ ನಿಧಾನ ಮಾಡಿ ಹೋಗುತ್ತಿದ್ದ.

“ಇನ್ನೂ ಯುಗಾದಿ ಬಂದಿಲ್ಲಲ್ಲ,” ಅಂದಳು ಪಾರ್ವತೆಮ್ಮ, ಗಂಡನ ತಾಟಿಗೆ ಪುಂಡಿಪಲ್ಯ ಬಡಿಸುತ್ತ. “ಮಸ್ಕಿದು ದೊಡ್ಡ ಕೆಲಸ ಬರೋದೈತಿ ಅಂತಲ್ಲಪಾ ವೀರೂ?”

“ಬರ್ತೈತಿ ಬೇ. ಇವತ್ತು ಅಳತಿ ತಗೊಂಡು ಬಂದೀನಿ. ಭಾರತಿ ಅಕ್ಕಂದು ಹೊಸ ಬ್ಯೂಟಿ ಪಾರ್ಲರ್. ಮೂಲಿ ಬಿಲ್ಡಿಂಗು, ಎರಡೂ ಕಡಿ ಗಾಜು. ಉದ್ದ ಮೂವತ್ತು ಅಡಿ ಆಗ್ತೈತಿ. ಅಷ್ಟಕ್ಕೂ ಫ್ರಾಸ್ಟೆಡ್ ಹಾಳಿ ಹಚ್ಚಬೇಕು.”

“ಹಂಗಂದ್ರ?”

“ಗಾಜಿಗೆ ಮಂಜು ಹಿಡದಂಗ ಕಾಣ್ತೈತಿ. ಬೆಳಕು ಒಳಗ ಬರ್ತೈತಿ, ಹೊರಗಿನ ಮಂದಿ ಕಣ್ಣು ಬರಂಗಿಲ್ಲ.”

“ಅಷ್ಟಕ್ಕ ಒಂದು ಪರದೆ ಹಾಕಿದ್ರ ಆಗಂಗಿಲ್ಲೇನು?” ಅಂದ ದೊಡ್ಡಬಸಪ್ಪ.

 ವೀರೇಂದ್ರನ ಹೆಂಡತಿ ಅಶ್ವಿನಿ ಒಲೆಯ ಮುಂದಿನಿಂದಲೇ ಗಂಡನ ಕಡೆ ನೋಡಿ, ಸುಮ್ಮನಿರು ಅನ್ನುವಂತೆ ಕಣ್ಣು ಮಾಡಿದಳು.

ಕೆಲಸ ಬರೀ ಮಸ್ಕಿಯದಾಗಿದ್ದರೆ ಇಷ್ಟು ತಳಮಳ ಇರುತ್ತಿರಲಿಲ್ಲ. ಭಾರತಿ ಯುಗಾದಿ ಹೊತ್ತಿಗೆ ಲಿಂಗಸುಗೂರಿನಲ್ಲೂ ಪಾರ್ಲರ್ ತೆರೆಯುವವಳಿದ್ದಳು. ಅಲ್ಲಿ ಎರಡು ಅಂತಸ್ತು, ಮಸ್ಕಿಗಿಂತ ಮೂರು ಪಟ್ಟು ಗಾಜು. ಮಸ್ಕಿಯದನ್ನು ಚಂದ ಮಾಡಿದವನಿಗೇ ಅದನ್ನೂ ಕೊಡುತ್ತೇನೆ ಅಂದಿದ್ದಳು. ಅದು ಸಿಕ್ಕರೆ ಅಂಗಡಿ ನಿಂತ ಹಾಗೆ.

ಮರುದಿನ ಅಂಗಡಿಯಲ್ಲಿ ಗಂಡ ಹೆಂಡತಿ ರೇಟು ಹಾಕುತ್ತ ಕೂತರು. ಕಂಪ್ಯೂಟರಿನಲ್ಲಿ ಹೂವಿನ ಚಿತ್ರ ಎಳೆಯುವುದು, ಮಷೀನು ಓಡಿಸುವುದು ಅಶ್ವಿನಿಯ ಕೆಲಸ. ಗಿರಾಕಿಯ ಜೊತೆ ಮಾತು, ರೇಟು ವೀರೇಂದ್ರನದು.

“ಲಿಂಗಸುಗೂರಿನವ ಒಬ್ಬ ಚದರಡಿಗೆ ಎಪ್ಪತ್ತೈದು ಹೇಳ್ಯಾನಂತ. ನೆಲದಿಂದ ತಲಿಮಟ,” ಅಂದ ವೀರೇಂದ್ರ.

“ಎಪ್ಪತ್ತೈದಕ್ಕ ಮಾಡಿದ್ರ ಹಾಳಿ, ಕಟಿಂಗು, ಗಾಡಿ ಖರ್ಚು ಹೋಗಿ ಕೈಗೇನೂ ಉಳಿಯಂಗಿಲ್ರೀ.”

“ಅದಕ್ಕ ನಾ ಬ್ಯಾರೆ ಲೆಕ್ಕ ಹಾಕೀನಿ. ರೋಲು ನಾಲ್ಕು ಅಡಿ ಅಗಲ ಬರ್ತೈತಿ ಹೌದಿಲ್ಲೋ? ಅಡ್ಡ ಹಿಡದು ಎಳದುಬಿಡೋದು. ಜೋಡಣಿ ಇಲ್ಲ, ತುಂಡು ಹಾಳಾಗಂಗಿಲ್ಲ. ಅಡಿಗೆ ತೊಂಬತ್ತು ಹೇಳಿದ್ರೂ ಒಟ್ಟು ಮೊತ್ತ ಅವನಕಿಂತ ಕಡಿಮಿ ಬರ್ತೈತಿ.”

“ಕೆಳಗ?”

“ಎರಡೂಕಾಲು ಅಡಿ ಖುಲ್ಲಾ ಬಿಡೋದು. ಬೆಂಗಳೂರಿನ ಫೋಟೋ ನೋಡು, ಎಲ್ಲಾ ಹಿಂಗೇ ಅದಾವ.”

“ಹೆಣ್ಮಕ್ಕಳ ಪಾರ್ಲರ್ ರೀ ಅದು. ಕೆಳಗಿಂದ ಹಚ್ಚೋದು ಚಲೋ.”

“ಮಂದಿ ಮಾರಿ ನೋಡ್ತಾರ. ಮೊಣಕಾಲು ನೋಡ್ತಾರೇನು?”

“ನೋಡೋರು ಏನ್ ಬೇಕಾದ್ರೂ ನೋಡ್ತಾರ.”

“ನೀ ಹೂ ಎಳಿ. ರೇಟು ನನಗ ಬಿಡು.”

ಅಶ್ವಿನಿ ಕಂಪ್ಯೂಟರಿನ ಕಡೆ ತಿರುಗಿದಳು. ಮಲ್ಲಿಗೆ ಬಳ್ಳಿಯ ಚಿತ್ರ ಎಳೆದಳು. ಭಾರತಿಗೆ ಫೋಟೋ ಹೋಯಿತು, ಮೊತ್ತವೂ ಹೋಯಿತು. ಅರ್ಧ ಗಂಟೆಯಲ್ಲಿ ಫೋನು ಬಂತು. “ಚಲೋ ಐತಿ ತಮ್ಮಾ. ಕೆಳಗ ಟೈಲ್ಸ್ ಕಾಣ್ತಾವಲ್ಲ, ಕಾಣ್ಲಿ ಬಿಡು. ದುಬಾರಿ ಟೈಲ್ಸ್ ಹಾಕ್ಸೀನಿ.”

ಹಚ್ಚಲು ಹೋಗುವ ದಿನ ಬೆಳಿಗ್ಗೆ ದೊಡ್ಡಬಸಪ್ಪ ಹೊಸ್ತಿಲಲ್ಲೇ ನಿಂತಿದ್ದ.

“ಸೊಸಿ ಮಸ್ಕಿ ಬಜಾರದಾಗ ಏಣಿ ಹತ್ತಬೇಕೇನು? ಒಬ್ಬ ಆಳು ಸಿಗಲಿಲ್ಲೇನು ನಿನಗ?”

“ಆಳಿಗೆ ಕೂಲಿ ಕೊಟ್ರ ನನಗೇನ್ ಉಳೀತೈತಿ?”

“ದುಕಾನ್ ಹಾಕಿದ ಹೊಸದಾಗ ನಾ ಲಾರಿಯಿಂದ ಗೊಬ್ಬರದ ಚೀಲ ಇಳಿಸಿದ್ದು ಯಾವ ಬಜಾರದಾಗ?” ಅಂದಳು ಪಾರ್ವತೆಮ್ಮ ಒಳಗಿನಿಂದ.

ದೊಡ್ಡಬಸಪ್ಪ ಹೊಸ್ತಿಲು ಬಿಟ್ಟು ಸರಿದ.

ಬೈಕಿನ ಹಿಂದೆ ಅಶ್ವಿನಿ ರೋಲನ್ನು ನೆಟ್ಟಗೆ ನಿಲ್ಲಿಸಿ, ಮಲಗಿದ ಕೂಸನ್ನು ಹಿಡಿದ ಹಾಗೆ ಅವುಚಿಕೊಂಡು ಕೂತಳು. ಸಿಂಧನೂರು ದಾಟುವಾಗ ಎದುರಿಗೆ ಬಂದ ಭತ್ತದ ಲಾರಿ ಹೊಟ್ಟು ಹಾರಿಸಿತು. ಅವಳು ಸೆರಗು ತೆಗೆದು ತಲೆಗಲ್ಲ, ರೋಲಿನ ಬಾಯಿಗೆ ಸುತ್ತಿದಳು.

ಬಿಸಿಲು ಗಾಜಿಗೆ ಬೀಳುವ ಮುಂಚೆ ಮುಗಿಸಬೇಕಿತ್ತು. ಮಸ್ಕಿಯ ಬೋರಿನ ನೀರು ಸವಳು, ಒಣಗಿದರೆ ಹಾಳೆಯ ಕೆಳಗೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಕುಡಿಯುವ ನೀರಿನ ಕ್ಯಾನು ತರಿಸಿ, ಒಂದು ಹನಿ ಶಾಂಪೂ ಹಾಕಿ, ಗಾಜಿನ ತುಂಬ ಚಿಮುಕಿಸಿದರು. ಒಬ್ಬರು ಹಾಳೆ ಹಿಡಿದರೆ ಇನ್ನೊಬ್ಬರು ಹಿಂದಿನ ಕಾಗದ ಎಳೆಯುವುದು. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ಒತ್ತುವುದು.

“ಗುಳ್ಳಿ ಉಳದೈತಿ ನೋಡ್ರೀ, ಆ ಹೂವಿನ ಬಾಜು.”

“ನಾಳೆ ಹೋಗ್ತೈತಿ.”

“ನಾಳೆ ನಾ ಇರಂಗಿಲ್ಲ. ಈಗ ಒತ್ರಿ.”

ಹೊತ್ತೇರುವುದರೊಳಗೆ ಮುಗಿಯಿತು. ಹಾಲು ಬಣ್ಣದ ಪಟ್ಟಿ, ಅದರಲ್ಲಿ ಗಾಜಿನಷ್ಟೇ ತಿಳಿಯಾದ ಮಲ್ಲಿಗೆ ಬಳ್ಳಿ. ಭಾರತಿ ರಸ್ತೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿ ವಿಡಿಯೋ ಮಾಡಿದಳು. ಅಲ್ಲೇ ರೊಕ್ಕ ಎಣಿಸಿ ಕೊಟ್ಟಳು. “ಶುಕ್ರವಾರ ಓಪನಿಂಗು. ನಿಮ್ಮತ್ತಿನ್ನ ಕಳಸವಾ, ಐದು ಮಂದಿ ಮುತ್ತೈದೆರಿಗೆ ಉಡಿ ತುಂಬೋದೈತಿ,” ಅಂದಳು ಅಶ್ವಿನಿಗೆ.

ಶುಕ್ರವಾರ ಪಾರ್ವತೆಮ್ಮ ಬಸ್ಸಿನಲ್ಲಿ ಹೋಗಿಬಂದಳು. ಸಂಜೆ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತವಳು, ಮಗ ಬಂದ ಕೂಡಲೇ ಕೇಳಿದಳು.

“ವೀರೂ, ಗಾಜಿನ ಕೆಳಗ ಯಾಕಪಾ ಹಾಳಿ ಹಚ್ಚಿಲ್ಲ?”

“ಅದು ಡಿಸೈನ್ ಬೇ.”

“ನಮ್ಮನ್ನೆಲ್ಲಾ ಗ್ವಾಡಿಗುಂಟ ಜಮಖಾನದ ಮ್ಯಾಲ ಕುಂದರ್ಸಿ ಉಡಿ ತುಂಬಿದ್ರು. ನಾ ಬಸ್ ನೋಡಾಕ ಹೊರಗ ಬಂದು, ಚಹಾದಂಗಡಿ ಕಡೆಯಿಂದ ತಿರುಗಿ ನೋಡ್ತೀನಿ, ನಿಂತವ್ರು ಒಬ್ರೂ ಕಾಣವಲ್ರು. ಕುಂತವ್ರು ಅಡಿಯಿಂದ ಮುಡಿತನ ಕಾಣ್ತಾರ.”

ವೀರೇಂದ್ರ ನಕ್ಕ. “ಪಾರ್ಲರದಾಗ ಯಾರ್ ಬೇ ನೆಲದ ಮ್ಯಾಲ ಕುಂದ್ರೋರು? ಕುರ್ಚಿ ಅದಾವ. ಇವತ್ತು ಪೂಜಿ ಅಂತ ಕುಂತೀರಿ.”

“ಮದುಮಗಳು ಕಾಲಿಗೆ ಮೆಹಂದಿ ಹಚ್ಚಿಸ್ಕೋಬೇಕಾದ್ರ ಎಲ್ಲಿ ಕುಂದ್ರತಾಳ? ಸೀರಿ ಮೊಣಕಾಲಿಗೆ ಏರಿಸ್ಕೊಂಡು ಕಾಲು ಚಾಚಬೇಕು. ಕುರ್ಚಿ ಮ್ಯಾಲ ಚಾಚ್ತಾಳೇನು?”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

“ಅಕಿ ಫೋಟೋ ನೋಡಿ ಒಪ್ಯಾಳ, ರೊಕ್ಕಾನೂ ಕೊಟ್ಟಾಳ. ಮುಗೀತು,” ಅಂದ ವೀರೇಂದ್ರ.

“ನಾ ಏನ್ ಅಂದೆ? ಕಂಡದ್ದು ಹೇಳಿದೆ,” ಅಂದು ಪಾರ್ವತೆಮ್ಮ ಅಕ್ಕಿಯೊಳಗಿನ ಕಲ್ಲು ಹೆಕ್ಕಿ ಬೀಸಾಡಿದಳು.

ಮುಗಿಯಿತು ಅಂದವನಿಗೆ ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಭಾರತಿಗೆ ಫೋನು ಮಾಡಲು ಹೋಗುತ್ತಿದ್ದ, ರಿಂಗಾಗುವ ಮುಂಚೆ ಕಟ್ ಮಾಡುತ್ತಿದ್ದ. ತುರ್ವಿಹಾಳದಲ್ಲಿ ಒಬ್ಬನ ಟ್ರ್ಯಾಕ್ಟರಿಗೆ ಕೆಂಪು ಅಕ್ಷರ ಅಂಟಿಸುವಾಗ ಸಾಲು ಸೊಟ್ಟ ಬಂತು, ಕಿತ್ತು ಮತ್ತೆ ಅಂಟಿಸಿದ. ಮನೆಯಲ್ಲಿ ಅಶ್ವಿನಿ ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದ. ಒಂದು ತಾಸಿನ ಮೇಲೆ ತಾನೇ ಹೋಗಿ ಬುಟ್ಟಿಯಲ್ಲಿನ ತಣ್ಣನೆ ರೊಟ್ಟಿಗೆ ಚಟ್ನಿಪುಡಿ ಹಚ್ಚಿಕೊಂಡು, ನಿಂತೇ ತಿನ್ನುತ್ತಿದ್ದ.

“ಒಮ್ಮಿ ಹೋಗಿ ನೋಡಿ ಬರ್ರಿ,” ಅಂದಳು ಅಶ್ವಿನಿ.

“ನನಗೇನ್ ಕೆಲಸ ಇಲ್ಲೇನು?”

ಮರುದಿನವೇ ಹೋದ. ಗಾಜು ದೂರದಿಂದಲೇ ಕಂಡಿತು. ಅವನ ಮಲ್ಲಿಗೆ ಬಳ್ಳಿಯ ಕೆಳಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟಿದ್ದರು. ಒಂದು ಇಳಕಲ್ ಸೀರೆ, ಅದು ಸಾಲದ್ದಕ್ಕೆ ಒಂದು ಹೂವಿನ ಚಾದರ. ಫ್ಯಾನಿನ ಗಾಳಿಗೆ ಎರಡೂ ಅಲ್ಲಾಡುತ್ತಿದ್ದವು. ಬಾಣಂತಿ ಕೋಣೆಯ ಹಾಗಿತ್ತು.

“ಬಂದ್ಯಾ? ಬಾ,” ಅಂದಳು ಭಾರತಿ. “ನೋಡು ನಿನ್ನ ಡಿಸೈನ್. ಮೊನ್ನೆ ಒಬ್ಬ ಮದುಮಗಳಿಗೆ ಮೆಹಂದಿ ಹಚ್ಚಾಕತ್ತಿದ್ವಿ. ಚಹಾದಂಗಡಿ ಮುಂದ ಎಂಟು ಮಂದಿ ಗಂಡಸರು, ಒಬ್ರ ಕೈಯಾಗೂ ಚಹಾ ಇಲ್ಲ. ಅಕಿ ಅವ್ವ ನನ್ನ ಮಾನ ಹರಾಜು ಹಾಕಿ, ಅರ್ಧ ಮೆಹಂದಿಗೇ ಎಬ್ಬಿಸ್ಕೊಂಡು ಹೋದ್ಲು.”

“ನೀವೂ ಫೋಟೋ ನೋಡಿ ಒಪ್ಪಿದ್ರೆಲ್ಲಕ್ಕಾ...”

“ನಾ ಮಾರಿ ತಿದ್ದಾಕಿ. ಗಾಜಿನ ಸಂಗತಿ ನನಗೇನ್ ಗೊತ್ತು? ಅದಕ್ಕಂತ ನಿನಗ ರೊಕ್ಕ ಕೊಟ್ಟೆ. ಲಿಂಗಸುಗೂರಿನವ ಕೆಳಗಿಂದ ಹಚ್ತೀನಿ ಅಂದಿದ್ದ. ಅಲ್ಲಿದು ಅವಂಗೇ ಹೇಳ್ತೀನಿ.”

ವೀರೇಂದ್ರ ಮನೆಗೆ ಬಂದು ಹೇಳಿದಾಗ ಎಲ್ಲರೂ ಊಟಕ್ಕೆ ಕೂತಿದ್ದರು.

“ಆತಲ್ಲ,” ಅಂದ ದೊಡ್ಡಬಸಪ್ಪ. “ರಾಜೇಸಾಬಗ ಜಲ್ದಿ ಬಾ ಅಂತ ಹೇಳ್ತೀನಿ.”

“ಕೆಳಗಿಂದೂ ಹಚ್ಚಿಕೊಡೋಣ್ರೀ,” ಅಂದಳು ಅಶ್ವಿನಿ.

“ಅರ್ಧ ರೊಕ್ಕ ಕೊಡ್ತೀರೇನು ಅಂತ ಅಕಿನ್ನ ಕೇಳ್ತೀನಿ,” ಅಂದ ವೀರೇಂದ್ರ.

“ಕೇಳಬ್ಯಾಡ್ರಿ. ಬಿಟ್ಟಿ ಹಚ್ಚೋಣ.”

“ಬಿಟ್ಟಿ ಹಚ್ಚಾಕ ಹಾಳಿ ನಿಮ್ಮಪ್ಪ ಕಳಸ್ತಾನೇನು?”

“ನಮ್ಮಪ್ಪನ್ನ ಯಾಕ ಎಳೀತೀರಿ? ನಾ ಮೊದ್ಲೇ ಹೇಳಿದ್ದೆ ಅಂತ ಒಮ್ಮಿ ಆದ್ರೂ ಅಂದೀನೇನು?”

“ಈಗ ಅಂದೆಲ್ಲ!”

“ಒದರಬ್ಯಾಡ್ರಿ ಇಬ್ರೂ,” ಅಂದ ದೊಡ್ಡಬಸಪ್ಪ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. “ಮೊಳಕಿ ಬರದ ಬೀಜಕ್ಕ ನಾ ಚೀಲ ಬದಲಿ ಕೊಡ್ತೀನಿ. ಅರ್ಧ ರೊಕ್ಕ ಕೊಡು ಅಂದ್ರ ರೈತ ಮುಂದಿನ ವರ್ಷ ಎದುರಿನ ದುಕಾನಕ್ಕ ಹೋಗ್ತಾನ. ಇಷ್ಟೂ ತಿಳಿಯಂಗಿಲ್ಲಂದ್ರ ಆರು ವರ್ಷ ಗಲ್ಲೆ ಮ್ಯಾಲ ಕುಂತು ಏನ್ ಮಾಡಿದಿ?”

ಬೈಗುಳವೋ ಬುದ್ಧಿಯೋ ತಿಳಿಯದೆ ವೀರೇಂದ್ರ ತಾಟು ನೋಡಿದ. “ಹಚ್ಚಿದ್ರೂ ನಡುವ ಜೋಡಣಿ ಗೆರಿ ಬೀಳ್ತೈತಿ. ಹೊಸ ರೋಲಿನ ಬಣ್ಣ ಹಳೇದಕ್ಕ ಕೂಡಂಗಿಲ್ಲ. ತ್ಯಾಪಿ ಹಾಕಿದಂಗ ಕಾಣ್ತೈತಿ,” ಅಂದ.

“ಅಲ್ಲಿ ಕಟ್ಟಿದ ಸೀರಿ ಯಾವ್ದಂದ್ರಿ?” ಅಶ್ವಿನಿ ಕೇಳಿದಳು.

“ಇಳಕಲ್ ಸೀರಿ. ಯಾಕ?”

ಅವಳು ತಾಟು ಎತ್ತಲು ಬಗ್ಗಿದ್ದ ಅತ್ತೆಯ ಇಳಕಲ್ ಸೀರೆಯ ಅಂಚನ್ನು ಕೈಯಲ್ಲಿ ಹಿಡಿದಳು. “ನಿಂದರ್ರಿ ಅತ್ತಿ. ಅಲುಗಾಡಬ್ಯಾಡ್ರಿ.” ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದಳು.

“ಏನಾಗೇತಿ ನಿನಗ? ಕೈ ಎಂಜಲದಾವ!”

“ಗೆರಿ ಇರೋ ಕಡಿ ಈ ದಡಿ ನಮೂನಿ ಕತ್ತರಿಸಿ ಹಚ್ಚೋಣ್ರೀ. ಗೇಣು ಅಗಲ. ಟ್ರ್ಯಾಕ್ಟರಿನ ಕೆಂಪು ಹಾಳಿ ತುಂಡು ಉಳದಾವಲ್ಲ, ಅದ್ರಾಗ ಆಗ್ತೈತಿ.”

ವೀರೇಂದ್ರ ಮೊಬೈಲು ಇಸಿದುಕೊಂಡು ನೋಡಿದ. ಬೆರಳಿಂದ ಫೋಟೋ ದೊಡ್ಡದು ಮಾಡಿದ. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಈ ಸಲ ಪಾರ್ವತೆಮ್ಮನೂ ಸೇರಿ ಮೂವರು ಹೋದರು. ಭಾರತಿ ಬಾಗಿಲು ತೆರೆದಳು. ಸೀರೆ, ಚಾದರ ಬಿಚ್ಚಿ ಮಡಿಚಿ ಕುರ್ಚಿಯ ಮೇಲಿಟ್ಟು, ತನ್ನ ಕೆಲಸಕ್ಕೆ ಹೋದಳು. ಗಂಡ ಹೆಂಡತಿ ಮೊಣಕಾಲೂರಿ ಕೆಳಗಿನ ಗಾಜು ಒರೆಸಿದರು, ನೀರು ಚಿಮುಕಿಸಿದರು, ಹಾಳೆ ಕೂರಿಸಿದರು. ಗೆರೆ ಬಿದ್ದೇ ಬಿತ್ತು. ಅದರ ಮೇಲೆ ಕೆಂಪು ದಡಿ ಓಡಿದಾಗ, ಮೊದಲಿಂದಲೂ ಹೀಗೇ ಮಾಡಬೇಕೆಂದು ಮಾಡಿದ ಹಾಗೆ ಕಂಡಿತು.

ಪಾರ್ವತೆಮ್ಮ ಜಮಖಾನ ಹಾಸಿಕೊಂಡು ಗೋಡೆಗುಂಟ ಕೂತಳು. ವೀರೇಂದ್ರ ರಸ್ತೆ ದಾಟಿ ಚಹಾದಂಗಡಿಯ ಮುಂದೆ ನಿಂತು ಫೋನು ಹಚ್ಚಿದ.

“ಕಾಣ್ತೀನೇನಪಾ?”

“ಇಲ್ಲ ಬೇ.”

“ಕಾಲು ಚಾಚೀನಿ. ಈಗ?”

“ಇಲ್ಲ.”

“ಟ್ರ್ಯಾಕ್ಟರ್ ಮ್ಯಾಲ ಹೋಗೋರಿಗೆ?”

ವೀರೇಂದ್ರ ಅತ್ತಿತ್ತ ನೋಡಿದ. ಗೊರೇಬಾಳದ ಟ್ರ್ಯಾಕ್ಟರೊಂದು ಚಹಾಕ್ಕೆ ನಿಂತಿತ್ತು. ಡ್ರೈವರನಿಗೆ ಏನು ಹೇಳಬೇಕೋ ತಿಳಿಯದೆ, “ಅಣ್ಣಾ, ಒಂದು ನಿಮಿಷ,” ಅಂದು ಹತ್ತಿ ಅವನ ಸೀಟಿನಲ್ಲಿ ಕೂತುಬಿಟ್ಟ.

“ಯಾಕಪಾ, ಖರೀದಿ ಮಾಡ್ತೀಯೇನು?” ಅಂದ ಡ್ರೈವರ್.

“ಇಲ್ಲಿಂದಾನೂ ಕಾಣವಲ್ಲಿ ಬೇ,” ಅಂದ ವೀರೇಂದ್ರ ಫೋನಿಗೆ. ಡ್ರೈವರ್ ಅವನ ಮುಖ ನೋಡಿದ, ಗಾಜು ನೋಡಿದ, ಚಹಾ ಮುಗಿಸಿದ.

ಭಾರತಿ ಹೊರಗೆ ಬಂದು ಗಾಜನ್ನು ಎರಡೂ ಕಡೆಯಿಂದ ನೋಡಿದಳು. ದಡಿಯ ಮೇಲೆ ಉಗುರು ಆಡಿಸಿದಳು. “ಎಷ್ಟಾತು?”

“ಏನೂ ಬ್ಯಾಡಕ್ಕಾ,” ಅಂದ ವೀರೇಂದ್ರ.

“ಹಂಗಾರ ಸೋಮವಾರ ಲಿಂಗಸುಗೂರಿಗೆ ಬಾ. ಅಲ್ಲಿಯವನೂ ಬರ್ತಾನ. ಇಬ್ರೂ ರೇಟು ಹೇಳ್ರಿ, ನೋಡ್ತೀನಿ.”

ಲಿಂಗಸುಗೂರಿನ ಕಟ್ಟಡದಲ್ಲಿ ಇನ್ನೂ ಸಿಮೆಂಟಿನ ಧೂಳಿತ್ತು. ಇನ್ನೊಬ್ಬ ಬೆಳಿಗ್ಗೆಯೇ ಬಂದು, ಅಡಿಗೆ ಎಪ್ಪತ್ತು ಅಂತ ಹೇಳಿ ಹೋಗಿದ್ದ. ವೀರೇಂದ್ರ ಟೇಪು ತೆಗೆಯುವ ಮುಂಚೆ ಚೀಲ ಹಾಸಿ ನೆಲದ ಮೇಲೆ ಕೂತ, ಅಶ್ವಿನಿ ರಸ್ತೆಗೆ ಹೋಗಿ ನೋಡಿದಳು. ಆಮೇಲೆ ಅವಳು ಕೂತಳು, ಅವನು ಹೋಗಿ ನೋಡಿದ. ಗಾರೆ ಕೆಲಸದವರು ನಕ್ಕರು.

“ತೊಂಬತ್ತು,” ಅಂದ ಕೊನೆಗೆ. “ನೆಲದಿಂದ. ಜೋಡಣಿಗೆ ಹಾಳಾಗೋ ಹಾಳಿನೂ ಅದ್ರಾಗ ಬಂತು.”

“ಅವಂದು ಎಪ್ಪತ್ತು ತಮ್ಮಾ. ಕಡಿಮಿ ಮಾಡು.”

ಎಂಬತ್ತು ಅನ್ನುವುದು ವೀರೇಂದ್ರನ ನಾಲಿಗೆಯ ತುದಿಗೆ ಬಂತು. ಯುಗಾದಿಗೆ ಒಂದೇ ವಾರ ಉಳಿದಿತ್ತು. ಅಶ್ವಿನಿ ಟೇಪು ಸುತ್ತುತ್ತ ಅವನನ್ನೇ ನೋಡುತ್ತಿದ್ದಳು.

“ಕಡಿಮಿ ಮಾಡಾಕ ಹೋಗಿ ಮಸ್ಕ್ಯಾಗ ಏನ್ ಮಾಡಿದೆ ಅಂತ ನೀವೇ ನೋಡೀರಲ್ಲಕ್ಕಾ,” ಅಂದ.

ಭಾರತಿ ಮೇಲೆ ನೋಡಿದಳು, ಕೆಳಗೆ ನೋಡಿದಳು. “ಮ್ಯಾಲಿನ ಅಂತಸ್ತಿನಾಗ ಸಾಮಾನು ಇಡೋದು, ಅಲ್ಲಿ ಯಾರು ನೋಡ್ತಾರ? ಅದು ಅವಂಗ ಇರ್ಲಿ. ಕೆಳಗಿಂದು ನಿನಗ. ದಡಿ ಹಸಿರು ಬಣ್ಣದ್ದು ಮಾಡವಾ,” ಅಂದಳು ಅಶ್ವಿನಿಗೆ, ಮುಂಗಡ ತೆಗೆಯಲು ಪರ್ಸು ಬಿಚ್ಚುತ್ತ.

ಸಂಜೆ ಇಬ್ಬರೂ ಗಂಗಾವತಿ ರಸ್ತೆಗೆ ಬಂದಾಗ ರಾಜೇಸಾಬ್ ದೊಡ್ಡಬಸಪ್ಪನ ದುಕಾನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ದುಕಾನಿಗೆ ಬಂದ ವ್ಯಾಪಾರಸ್ಥರಿಗೆ ಎದುರಿನ ಹೋಟೆಲಿನಿಂದ ಚಹಾ ತರಿಸುವುದು ದೊಡ್ಡಬಸಪ್ಪನ ರೂಢಿ. ಗಲ್ಲೆಯ ಪಕ್ಕ ಕೂತ ಆರು ವರ್ಷ ಆ ಚಹಾ ಮಗನಿಗೆ ಒಮ್ಮೆಯೂ ಬಂದಿರಲಿಲ್ಲ. ಮನೆಯವರು ಮನೆಯಲ್ಲಿ ಕುಡಿಯಬೇಕು.

“ಏನಾತು?” ಅಂದ ದೊಡ್ಡಬಸಪ್ಪ.

“ಕೆಳಗಿಂದು ಸಿಕ್ತು. ಮ್ಯಾಲಿಂದು ಅವಂಗ ಹೋತು.”

“ರೇಟು?”

“ತೊಂಬತ್ತು.”

“ಇಳಿಸಲಿಲ್ಲ?”

“ಇಲ್ಲ.”

ದೊಡ್ಡಬಸಪ್ಪ ಗಲ್ಲೆಯ ಮೇಲೆ ಬಿದ್ದಿದ್ದ ಭತ್ತದ ಕಾಳುಗಳನ್ನು ಒಂದು ಕಡೆ ಸರಿಸಿದ. “ರಾಜೇಸಾಬ್, ಕುಷ್ಟಗಿ ರಸ್ತಾದಾಗ ನಮ್ಮ ಬೀಗರದೊಂದು ಶಟರ್ ಖಾಲಿ ಐತಿ. ಅಲ್ಲಿ ಗ್ಯಾರೇಜ್ ಭಾಳ ಅದಾವ, ನಿನಗ ಇದಕಿಂತ ಚಲೋ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ.”

“ಜಬಾನ್ ಕೊಟ್ಟಿದ್ರಿ ಸಾಹುಕಾರ್ರೆ!”

“ಖಾಲಿ ಆದ್ರ ಕೊಡ್ತೀನಂದಿದ್ದೆ. ಅದು ಖಾಲಿ ಆಗಂಗಿಲ್ಲ.”

ರಾಜೇಸಾಬ್ ಗೊಣಗುತ್ತ ಲೋಟ ಇಟ್ಟು ಎದ್ದ. ಅವನ ಗಾಡಿ ಹೋದ ಮೇಲೆ ದೊಡ್ಡಬಸಪ್ಪ ಮಗನ ಕಡೆ ತಿರುಗಿದ.

“ಬಾಡಿಗಿ ಪ್ರತಿ ತಿಂಗಳು ಐದನೇ ತಾರೀಖು. ರಾಜೇಸಾಬ್ ಎಷ್ಟು ಕೊಡ್ತೀನಂದಿದ್ನೋ ಅಷ್ಟು.”

“ಅಪ್ಪಾ! ಮಗನ ಕಡಿ ಬಾಡಿಗೀನಾ?”

“ಗಲ್ಲೆ ಮ್ಯಾಲ ಕುಂತ್ರ ಬ್ಯಾಡ. ಬಾಜು ದುಕಾನ್ ನಡಸ್ತೀಯಂದ್ರ ಬೇಕು.”

ವೀರೇಂದ್ರ ಬಾಯಿ ತೆರೆದ. ಅವನಿಗಿಂತ ಮೊದಲು ಅಶ್ವಿನಿ ಮಾತಾಡಿದಳು. “ಐದಕ್ಕ ಆಗಂಗಿಲ್ರೀ ಮಾವಾ. ಗಿರಾಕಿ ರೊಕ್ಕ ಬರೋದೇ ತಡ ಆಗ್ತೈತಿ. ಹತ್ತಕ್ಕ ಕೊಡ್ತೀವಿ.”

“ಏಳು.”

“ಎಂಟು.”

ದೊಡ್ಡಬಸಪ್ಪ ಸೊಸೆಯ ಕೈಯಲ್ಲಿದ್ದ ಟೇಪು ನೋಡಿದ. ಆಮೇಲೆ ಕುತ್ತಿಗೆ ಹೊರಗೆ ಹಾಕಿ, ರಸ್ತೆಯ ಆಚೆ ಕೇಳುವಂತೆ ಹೋಟೆಲಿನವನನ್ನು ಕೂಗಿದ.

“ಇಲ್ಲಿ ಇನ್ನೆರಡು ಚಹಾ ಕಳಸೋ!”